ಕಿಸೆಯೊಳಗಿನ ಪಹರೆ

೨೦೨೪ನೆಯ ಇಸವಿಯ ಅಕ್ಟೋಬರ ೨೭ನೆಯ ತಾರೀಖು, ರವಿವಾರ. ಅಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಆಕಾಶವಾಣಿಯಲ್ಲಿ ನಡೆಯುವ ತಮ್ಮ ‘ಮನ್ ಕೀ ಬಾತ್’ ಕಾರ್ಯಕ್ರಮದ ೧೧೫ನೆಯ ಕಂತಿನಲ್ಲಿ ಒಂದು ದೂರವಾಣಿ ಸಂಭಾಷಣೆಯನ್ನು ದೇಶಕ್ಕೆಲ್ಲ ಕೇಳಿಸಿದರು. ಅದರಲ್ಲಿ ಒಂದು ಪಕ್ಷದವರು ತಾವು ಪೋಲೀಸ ಅಧಿಕಾರಿಗಳೆಂದು ಹೇಳಿಕೊಳ್ಳುವ ವಂಚಕರು. ಇನ್ನೊಂದು ಪಕ್ಷದವರು ನಮ್ಮ ವಿಜಯಪುರದ ಗೃಹಸ್ಥರೊಬ್ಬರು. ನಿಮ್ಮ ಹೆಸರಿನ ನಂಬರಿನ ಮೇಲೆ ಹದಿನೇಳು ದೂರುಗಳು ಬಂದಿವೆ ಎಂದು ವಂಚಕನು ಗದರಿಸುತ್ತಾನೆ. ಈಗ ಎಲ್ಲಿರುವಿರೆಂದು ಕೇಳುತ್ತಾನೆ. ಕರ್ನಾಟಕದಲ್ಲಿ, ಮನೆಯಲ್ಲಿಯೇ ಇದ್ದೇನೆಂದು ಇವರು ಶಾಂತವಾಗಿ ಹೇಳುತ್ತಾರೆ. ಮುಂದೆ ಎರಡನೆಯವನು ಬಂದು ಆಧಾರ ಕಾರ್ಡು ತೋರಿಸಿರೆನ್ನುತ್ತಾನೆ. ಅದು ಸದ್ಯ ನನ್ನ ಬಳಿಯಲ್ಲಿಲ್ಲ ಎಂಬ ಉತ್ತರ ಬರುವದು. ಫೋನಿನಲ್ಲಿ ಅದರ ಚಿತ್ರವಾದರೂ ಇದೆಯೇ ಎಂದರೆ, ಅದೂ ಇಲ್ಲ. ಈ ಗೃಹಸ್ಥರು ಹಣ ಕಳೆದುಕೊಳ್ಳಲಿಲ್ಲವಷ್ಟೇ ಅಲ್ಲ, ಆ ಮಾತುಕತೆಯನ್ನೆಲ್ಲ ಮುದ್ರಿಸಿಕೊಂಡು ಊರಿಗೆ ಉಪಕಾರ ಮಾಡಿದರು.

ಈ ಮೋಸಕ್ಕೆ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರು ಬಂದಿರುವದನ್ನು ವಾಚಕರು ಕೇಳಿಯೇ ಇರಬಹುದು. ಅಂಥದೊಂದು ದಸ್ತಗಿರಿ ನಮ್ಮ ಯಾವ ಕಾಯಿದೆಯಲ್ಲಿಯೂ ಇಲ್ಲ. ಆದರೂ ೨೦೨೪ರ ಜನವರಿಯಿಂದ ಏಪ್ರಿಲದ ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಈ ಒಂದು ಬಗೆಯ ಮೋಸದಿಂದ ನಮ್ಮ ದೇಶದ ಜನರು ೧೨೦ ಕೋಟಿ ರೂಪಾಯಿಗಳಿಗೂ ಮಿಕ್ಕಿ ಕಳೆದುಕೊಂಡರೆಂದು ಗೃಹಖಾತೆಯ ಸೈಬರ ಅಪರಾಧ ಕೇಂದ್ರವು ಲೆಕ್ಕ ಕೊಟ್ಟಿತ್ತು. ಪ್ರಧಾನಿಗಳು ಅಂದಿನ ಭಾಷಣದಲ್ಲಿ ಈ ವಿದ್ಯೆಯ ಮೂರು ವರಸೆಗಳನ್ನು ಬಿಡಿಸಿ ಹೇಳಿದರು: ಮೊದಲು ನಿಮ್ಮ ಮನೆಯ ಸಂಗತಿಗಳನ್ನೆಲ್ಲ ಸಂಗ್ರಹಿಸುವದು, ಆ ಮೇಲೆ ಖಾಕಿ ಅಂಗಿ, ಕಚೇರಿಯ ಗೋಡೆ, ಕಾಯಿದೆಯ ಕಲಮುಗಳು ಇವುಗಳಿಂದ ಹೆದರಿಸುವದು, ಕಡೆಗೆ, ಈ ಕ್ಷಣವೇ ಆಗಬೇಕು ಎಂದು ಅವಸರಪಡಿಸುವದು. ಮೂರನೆಯದೇ ಎಲ್ಲಕ್ಕೂ ಘಾತಕವಾದದ್ದೆಂದು ನನ್ನ ಎಣಿಕೆ. ಒಂದು ತಾಸು ಪುರಸತ್ತು ಸಿಕ್ಕರೆ ಯಾವ ಮನೆಯಲ್ಲಿಯಾದರೂ ಒಬ್ಬರಲ್ಲ ಒಬ್ಬರು, “ಇದೇನೋ ಸರಿ ಕಾಣಸೂದಿಲ್ಲ” ಎಂದು ಹೇಳದೆ ಇರಲಾರರು. ಆ ಒಂದು ತಾಸು ಸಿಕ್ಕಬಾರದೆಂದೇ ವಂಚಕನು ಫೋನು ಇಡಗೊಡುವದಿಲ್ಲ.

ಇಷ್ಟು ದಿನ ನಮ್ಮ ಕಿಸೆಯೊಳಗಿನ ಫೋನು ಈ ವ್ಯವಹಾರದಲ್ಲಿ ತಟಸ್ಥವಾಗಿ ಇರುತ್ತಿತ್ತು. ಯಜಮಾನನು ಏನು ಒತ್ತಿದರೂ ಅದಕ್ಕೆ ಒಪ್ಪಿಗೆಯೇ. ಹೆದರಿ ಒತ್ತಿದನೋ, ತಿಳಿದು ಒತ್ತಿದನೋ, ಅದರ ಗೊಡವೆ ಅದಕ್ಕಿಲ್ಲ. ಈಚಿನ ಪರಿಷ್ಕರಣಗಳಲ್ಲಿ ಈ ರೀತಿಯು ಕೊಂಚ ಬದಲಾಗಿದೆ. ಯಜಮಾನನು ಅಪರಿಚಿತನೊಡನೆ ಮಾತಾಡುತ್ತಿರುವಾಗ ಕೆಲವು ಕೆಲಸಗಳನ್ನು ಫೋನು ತಾನಾಗಿಯೇ ತಡೆಯತೊಡಗಿದೆ. ಹೊಸ ಬಣ್ಣ, ಹೊಸ ಚಿತ್ರ, ಹೊಸ ಗಂಟೆಯ ಸದ್ದು ಮೊದಲಾದವುಗಳ ವರ್ಣನೆಯನ್ನು ಅಂಗಡಿಯವರಿಗೆ ಬಿಟ್ಟು, ಈ ಒಂದು ಸಂಗತಿಯನ್ನು ಇಲ್ಲಿ ಸಾವಕಾಶವಾಗಿ ವಿಚಾರ ಮಾಡುವದು ನನ್ನ ಉದ್ದೇಶ.

ಮೊದಲು ಒಂದು ಮಾತು. ಫೋನೆಂಬ ಯಂತ್ರದ ಒಳಗೆ, ಉಳಿದೆಲ್ಲ ಆ್ಯಪುಗಳ ಕೆಳಗೆ, ಅವುಗಳನ್ನು ಹಿಡಿದು ನಡೆಯಿಸುವ ಒಂದು ಮೂಲ ವ್ಯವಸ್ಥೆಯಿರುವದು. ಅದಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ವಾಡೆಗೆ ಕಾರಭಾರಿ ಇದ್ದ ಹಾಗೆ ಫೋನಿಗೆ ಇದು. ಯಾರು ಒಳಗೆ ಬರಬೇಕು, ಯಾರು ಯಾವ ಕೋಣೆಯ ವರೆಗೆ ಹೋಗಬೇಕು, ತಿಜೋರಿಯ ಕೀಲಿಕೈ ಯಾರ ಕೈಗೆ ಕೊಡಬೇಕು, ಎಲ್ಲವೂ ಇದರ ಅಪ್ಪಣೆಯಂತೆ. ನಮ್ಮ ಕಡೆಯ ಬಹುತೇಕ ಫೋನುಗಳಲ್ಲಿ ಇರುವದು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್; ಆ್ಯಪಲ್ ಸಂಸ್ಥೆಯ ಐಫೋನುಗಳಲ್ಲಿ ಇರುವದು ಐಓಎಸ್. ಎರಡೂ ಸಂಸ್ಥೆಗಳು ಬಹುಮಟ್ಟಿಗೆ ವರ್ಷಕ್ಕೊಮ್ಮೆ ದೊಡ್ಡ ಪರಿಷ್ಕರಣವನ್ನು ಹೊರಡಿಸುತ್ತವೆ. ಆಂಡ್ರಾಯ್ಡಿನ ೧೬ನೆಯ ಆವೃತ್ತಿಯು ೨೦೨೫ರ ಜೂನ ೧೦ರಂದು ಪ್ರಕಟವಾಯಿತು. ಐಓಎಸ್ ೨೬ ಎಂಬುದು ಅದೇ ವರ್ಷದ ಸೆಪ್ಟೆಂಬರ ೧೫ರಂದು ಬಂದಿತು.

ಈಗ ತಿಕೋಟಾದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಎಪ್ರಿಲ ತಿಂಗಳು. ತೋಟದ ದ್ರಾಕ್ಷಿ ಕೊಯ್ದು, ಶೆಡ್ಡಿನ ಬಲೆಗಳ ಮೇಲೆ ಹರವಿ, ಒಣಗಿಸಿ, ಒಣದ್ರಾಕ್ಷಿ ಮಾಡಿ ಮಾರಿಯಾಗಿದೆ. ವರ್ಷವೆಲ್ಲ ಔಷಧಿ, ಗೊಬ್ಬರ, ಕೂಲಿ, ಬೋರಿನ ಸಾಲ ಎಂದು ಹೊರಗೆ ಹರಿದ ಹಣವು ಈ ಒಂದು ತಿಂಗಳಲ್ಲಿ ಒಮ್ಮೆಲೆ ಒಳಗೆ ಬರುವದು. ಅದು ಬ್ಯಾಂಕಿನ ಖಾತೆಯಲ್ಲಿ ಕೂಡ್ರುವದು ಬಹಳವಾದರೆ ಹದಿನೈದು ದಿವಸ; ಆಮೇಲೆ ಸೊಸಾಯಿಟಿಯ ಸಾಲ, ಔಷಧಿ ಅಂಗಡಿಯ ಉದ್ರಿ, ಮಗಳ ಕಾಲೇಜಿನ ಫೀ ಎಂದು ಕರಗಿ ಹೋಗತಕ್ಕದ್ದು. ಬಬಲೇಶ್ವರದ ಕಡೆಯ ಕಬ್ಬಿನ ಬಿಲ್ಲಿನ ಸಂಗತಿಯೂ ಇದೇ ರೀತಿಯದು. ತಿಂಗಳ ಸಂಬಳದವನು ಮೋಸ ಹೋದರೆ ಒಂದು ತಿಂಗಳ ಗಳಿಕೆ ಹೋದೀತು. ಒಕ್ಕಲಿಗನು ಇಂಥ ಹದಿನೈದು ದಿವಸಗಳಲ್ಲಿ ಮೋಸ ಹೋದರೆ ಒಂದು ವರುಷದ ದುಡಿಮೆಯೇ ಹೋಗುವದು, ಸಾಲವು ಮಾತ್ರ ಇದ್ದಲ್ಲಿಯೇ ಇರುವದು.

ಅಂಥ ಒಂದು ಮಧ್ಯಾಹ್ನ ಆ ಮನೆಯ ಹಿರಿಯರಿಗೆ ಕರೆ ಬರುವದು. ಬ್ಯಾಂಕಿನಿಂದ ಮಾತಾಡುತ್ತೇವೆ, ನಿಮ್ಮ ಕೆವೈಸಿ ಮುಗಿದಿದೆ, ಸಂಜೆಯೊಳಗೆ ಖಾತೆ ಬಂದಾಗುವದು. ಒಂದು ಫಾಯಿಲು ಕಳಿಸಿದ್ದೇವೆ, ಫೋನು ಇಡದೆ ಅದನ್ನು ಒತ್ತಿರಿ, ನಾವು ಹೇಳಿದ ಹಾಗೆ ಮಾಡುತ್ತ ಹೋಗಿರಿ, ಎಂದು ಬಲು ಮರ್ಯಾದೆಯ ಮಾತು. ಆ ಫಾಯಿಲಿನ ಹೆಸರಿನ ಕಡೆಗೆ ‘ಎಪಿಕೆ’ ಎಂದಿರುವದು. ಅದು ಕಾಗದವಲ್ಲ, ಒಂದು ಆ್ಯಪು. ಲಗ್ನಪತ್ರಿಕೆಯೆಂದೂ, ಪಿಎಂ ಕಿಸಾನ್ ಯೋಜನೆಯೆಂದೂ, ಗಾಡಿಯ ದಂಡದ ಚೀಟಿಯೆಂದೂ ನಾನಾ ವೇಷಗಳಿಂದ ಅದು ಬರುತ್ತಿರುವದು. ಒಳಗೆ ಸೇರಿದ ಮೇಲೆ ಅದು ಬೇಡುವ ವರ ಎರಡೇ. ಒಂದು, ಫೋನಿಗೆ ಬರುವ ಸಂದೇಶಗಳನ್ನು ಓದುವ ಅಧಿಕಾರ. ಅಂದರೆ ಬ್ಯಾಂಕಿನ ಒಟಿಪಿ ವಂಚಕನಿಗೂ ಅದೇ ಕ್ಷಣಕ್ಕೆ ತಿಳಿಯುವದು. ಇನ್ನೊಂದು, ‘ಆ್ಯಕ್ಸೆಸಿಬಿಲಿಟಿ’ ಎಂಬ ಅಧಿಕಾರ. ಇದು ಮೂಲತಃ ಕುರುಡರಿಗೂ ಕೈ ನಡುಗುವವರಿಗೂ ನೆರವಾಗಲೆಂದು ಮಾಡಿದ ಪುಣ್ಯದ ಏರ್ಪಾಡು: ಪರದೆಯ ಮೇಲೆ ಏನಿದೆಯೆಂಬುದನ್ನು ಓದಿ ಹೇಳುವದು, ಯಜಮಾನನ ಪರವಾಗಿ ಗುಂಡಿ ಒತ್ತುವದು. ಈ ಅಧಿಕಾರವು ಕಳ್ಳನ ಆ್ಯಪಿಗೆ ಸಿಕ್ಕಿತೆಂದರೆ, ನೀವು ಪಿನ್ ಒತ್ತುವದನ್ನು ಅದು ನೋಡಬಲ್ಲದು, ನಿಮ್ಮ ಪರವಾಗಿ ಹಣವನ್ನೂ ಕಳಿಸಬಲ್ಲದು. ಕುರುಡನ ಕೋಲು ಕಳ್ಳನ ಕೈಗೆ ಹೋದಂತಾಯಿತು.

ಆಂಡ್ರಾಯ್ಡ್ ೧೬ರಲ್ಲಿಯ ಹೊಸ ಪಹರೆಯು ನಿಂತಿರುವದು ಸರಿಯಾಗಿ ಈ ಬಾಗಿಲಿನಲ್ಲಿ. ನಿಮ್ಮ ಹೆಸರಿನ ಪಟ್ಟಿಯಲ್ಲಿ ಇಲ್ಲದ ನಂಬರಿನವನೊಡನೆ ಮಾತು ನಡೆದಿರುವಾಗ, ಹೊಸದಾಗಿ ಇಳಿಸಿಕೊಂಡ ಆ್ಯಪಿಗೆ ಆ್ಯಕ್ಸೆಸಿಬಿಲಿಟಿಯ ಅಧಿಕಾರ ಕೊಡಲು ಹೋದರೆ ಫೋನು ಒಪ್ಪುವದಿಲ್ಲ. ಪ್ಲೇ ಸ್ಟೋರಿನ ಹೊರಗಿನಿಂದ, ಬ್ರೌಸರಿನಿಂದಾಗಲಿ ಸಂದೇಶದಿಂದಾಗಲಿ, ಮೊದಲ ಸಲ ಆ್ಯಪು ಹಾಕಿಕೊಳ್ಳಲು ಹೋದರೂ ಒಪ್ಪುವದಿಲ್ಲ. ‘ಪ್ಲೇ ಪ್ರೊಟೆಕ್ಟ್’ ಎಂಬ ತಪಾಸಣೆಯನ್ನು ಬಂದು ಮಾಡಲು ಹೋದರೂ ಒಪ್ಪುವದಿಲ್ಲ. ಕರೆ ಮುಗಿದ ಬಳಿಕ ಈ ತಡೆಗಳು ತೆರವಾಗುವವು. ಆಗ ನೀವು ನಿಮ್ಮ ಮನೆಯಲ್ಲಿ, ನಿಮ್ಮ ಬುದ್ಧಿಯಲ್ಲಿ, ಬೇಕಾದದ್ದನ್ನು ಮಾಡಿಕೊಳ್ಳಬಹುದು. ವಂಚಕನು ನಮಗೆ ಕೊಡದಿದ್ದ ಪುರಸತ್ತನ್ನು ಫೋನು ಕೊಟ್ಟಂತಾಯಿತು. ಇದರಲ್ಲಿ ಮಹಾ ಯಂತ್ರಜ್ಞಾನವೇನೂ ಕಾಣದು. ಆದರೆ ಮನುಷ್ಯನ ಸ್ವಭಾವದ ಜ್ಞಾನ ಕಾಣುವದು. ಈ ಕಾವಲುಗಳಲ್ಲಿ ಕೆಲವು ಹಳೆಯ ಆವೃತ್ತಿಯ ಫೋನುಗಳಿಗೂ ದೊರೆತಿವೆ.

ಆ ತಿಕೋಟಾದ ಮನೆಯಲ್ಲಿ ಮುಂದೆ ನಡೆಯುವ ಮಾತನ್ನು ಹೀಗೆ ಊಹಿಸಬಹುದು.

“ಏನವಾ, ಇಲ್ಲಿ ಬಾ. ಬ್ಯಾಂಕಿನವ್ರು ಒತ್ತು ಅಂತಾರ, ಈ ಫೋನ ಒತ್ತಾಕ ಬರೂದಿಲ್ಲ ಅಂತದ. ಕೆಟ್ಟೈತೇನ ನೋಡು.”

“ಕೆಟ್ಟಿಲ್ಲಪಾ. ಮೊದಲ ಫೋನ ಇಡ್ರಿ.”

“ಇಟ್ರ ಖಾತೆ ಬಂದ್ ಆಗ್ತದಂತ.”

“ಆಗ್ಲಿ ಬಿಡ್ರಿ. ನಾಳೆ ಬ್ಯಾಂಕಿಗೇ ಹೋಗಿ ಕೇಳೂಣು.”

ಅಷ್ಟಕ್ಕೆ ಸಂಗತಿ ಮುಗಿಯಿತು. ಫೋನು ತಡೆದದ್ದು ಅರ್ಧ ನಿಮಿಷ ಮಾತ್ರ. ಆದರೆ ಆ ಅರ್ಧ ನಿಮಿಷದಲ್ಲಿ ತಂದೆಯು ಮಗಳನ್ನು ಕರೆದನು. ಮಗಳು ಮನೆಯಲ್ಲಿರದೆ ಪುಣೆಯಲ್ಲಿಯೋ ಬೆಂಗಳೂರಲ್ಲಿಯೋ ಇದ್ದರೆ? ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಹಿರಿಯರಿಬ್ಬರೇ ಇರುವರು. ಅಂಥಲ್ಲಿ ಫೋನಿನ ‘ಬೇಡ’ ಎಂಬ ಮಾತು ಎಷ್ಟರ ಮಟ್ಟಿಗೆ ತಿಳಿದೀತು ಎಂಬುದು ಬೇರೆ ಪ್ರಶ್ನೆ. ಅದನ್ನು ಮುಂದೆ ನೋಡೋಣ.

ಎಪಿಕೆಗಳ ವಿಷಯವಾಗಿ ಇನ್ನೊಂದು ತಡೆಯು ಇದಕ್ಕಿಂತ ಮೊದಲೇ ಬಂದಿದೆ. ೨೦೨೪ರ ಫೆಬ್ರುವರಿಯಲ್ಲಿ ಗೂಗಲಿನವರು ಅದನ್ನು ಸಿಂಗಾಪುರದಲ್ಲಿ ಪ್ರಯೋಗಿಸಿ ನೋಡಿದರು. ಆ ವರ್ಷದ ಅಕ್ಟೋಬರ ೩ರಂದು ಹಿಂದುಸ್ಥಾನಕ್ಕೂ ತರುವದಾಗಿ ಸಾರಿದರು. ಬ್ರೌಸರು, ಸಂದೇಶ, ಫಾಯಿಲುಗಳ ಕಪಾಟು, ಈ ಮೂರರಲ್ಲಿ ಯಾವ ದಾರಿಯಿಂದ ಬಂದ ಆ್ಯಪಾದರೂ ಸರಿಯೆ, ಅದು ಸಂದೇಶಗಳನ್ನು ಪಡೆಯುವ, ಓದುವ, ಸೂಚನೆಗಳನ್ನು ನೋಡುವ, ಇಲ್ಲವೆ ಮೇಲೆ ಹೇಳಿದ ಆ್ಯಕ್ಸೆಸಿಬಿಲಿಟಿಯ ಅಧಿಕಾರಗಳನ್ನು ಬೇಡುವದಾದರೆ ಪ್ಲೇ ಪ್ರೊಟೆಕ್ಟ್ ಅದನ್ನು ಹೊಸ್ತಿಲಲ್ಲಿಯೇ ನಿಲ್ಲಿಸುವದು. ಲಗ್ನಪತ್ರಿಕೆಗೆ ನನ್ನ ಒಟಿಪಿಯನ್ನು ಓದುವ ಕೆಲಸವೇನು? ಮನುಷ್ಯನಿಗೆ ಹೊಳೆಯದಿದ್ದರೂ ಈ ಪ್ರಶ್ನೆ ಯಂತ್ರಕ್ಕೆ ಹೊಳೆದಿರುವದು ಸಮಾಧಾನದ ಸಂಗತಿ.

ಮತ್ತೊಂದು ಬಗೆಯ ಮೋಸದಲ್ಲಿ ಆ್ಯಪಿನ ಹಂಗೂ ಬೇಡ. “ನಿಮ್ಮ ಪರದೆಯನ್ನು ನಮಗೆ ತೋರಿಸಿರಿ, ತೊಡಕನ್ನು ಬಿಡಿಸಿ ಕೊಡುತ್ತೇವೆ” ಎಂದು ಹೇಳಿ, ನೀವು ಹಣದ ಆ್ಯಪು ತೆರೆದಾಗ ಕುಳಿತಲ್ಲಿಯೇ ಎಲ್ಲವನ್ನು ನೋಡಿಕೊಳ್ಳುವರು. ೨೦೨೫ರ ನವೆಂಬರದಲ್ಲಿ ಗೂಗಲಿನವರು ಗೂಗಲ್ ಪೇ, ಪೇಟಿಎಂ, ನಾವಿ ಈ ಆ್ಯಪುಗಳೊಡನೆ ನಮ್ಮ ದೇಶದಲ್ಲಿ ಒಂದು ಪ್ರಯೋಗವನ್ನು ಸಾರಿದರು. ಆಂಡ್ರಾಯ್ಡ್ ೧೧ ಮತ್ತು ಅದರ ಮೇಲಿನ ಫೋನುಗಳಲ್ಲಿ, ಅಪರಿಚಿತನೊಡನೆ ಕರೆಯಲ್ಲಿದ್ದು ಪರದೆಯನ್ನು ಅವನಿಗೆ ತೋರಿಸುತ್ತಿರುವಾಗ ಈ ಆ್ಯಪುಗಳನ್ನು ತೆರೆದರೆ, ದೊಡ್ಡದೊಂದು ಎಚ್ಚರಿಕೆ ಕಾಣಿಸಿಕೊಳ್ಳುವದು. ಕರೆಯನ್ನೂ ತೋರಿಕೆಯನ್ನೂ ಒಂದೇ ಒತ್ತಿನಿಂದ ನಿಲ್ಲಿಸುವ ಗುಂಡಿಯು ಅದರಲ್ಲಿಯೇ ಇರುವದು. ಗುಂಡಿಯನ್ನು ಹುಡುಕುವ ತೊಡಕಿಲ್ಲವೆಂಬುದೇ ಇದರ ಜಾಣತನ. ಬೆವೆತ ಕೈಗೆ ಸೆಟ್ಟಿಂಗುಗಳ ಹತ್ತು ಮೆಟ್ಟಲು ಹತ್ತಿ ಇಳಿಯುವದು ಆಗದ ಮಾತು.

ಹೀಗೆ ಹೊಗಳಿದ ಮೇಲೆ ಕುಂದುಗಳನ್ನೂ ಮುಚ್ಚಿಡದೆ ಹೇಳಬೇಕು. ಈ ಪಹರೆಯವನು ಕಾಯುವದು ಸಾಮಾನ್ಯ ದೂರವಾಣಿಯ ಬಾಗಿಲನ್ನು. ಡಿಜಿಟಲ್ ಅರೆಸ್ಟಿನವರು ಬಹಳ ಮಾಡಿ ಬರುವದು ವಾಟ್ಸಾಪಿನಂಥ ಆ್ಯಪುಗಳ ವೀಡಿಯೋ ಕರೆಯಿಂದ. ಖಾಕಿಯ ವೇಷ ಕಾಣಿಸಬೇಕಲ್ಲವೆ! ವಾಟ್ಸಾಪಿನವರು ೨೦೨೫ರ ಅಕ್ಟೋಬರದಲ್ಲಿ, ವೀಡಿಯೋ ಕರೆಯಲ್ಲಿ ಅಪರಿಚಿತರಿಗೆ ಪರದೆ ತೋರಿಸಹೊರಟವರಿಗೆ ಎಚ್ಚರಿಕೆ ಕೊಡುವ ಏರ್ಪಾಡನ್ನು ತಾವೂ ಸಾರಿದ್ದಾರೆ. ಆದರೆ ಪರದೆ ತೋರಿಸದೆ ಬರಿಯ ಬೆದರಿಕೆಗೆ ಬಗ್ಗಿದವನಿಗೆ ಅದರಿಂದ ಪ್ರಯೋಜನವಿಲ್ಲ. ಇನ್ನು, ಹೆದರಿದ ಮನುಷ್ಯನು ತಾನೇ ಎದ್ದು ಬ್ಯಾಂಕಿಗೆ ಹೋಗಿ, ಮುದ್ದತಿನ ಠೇವಣಿ ಮುರಿಸಿ, ತನ್ನ ಕೈಯಾರೆ ಚೀಟಿ ತುಂಬಿ ಹಣ ಕಳಿಸಿದರೆ ಯಾವ ಫೋನು ತಾನೆ ಏನು ಮಾಡೀತು? ಅಲ್ಲಿ ತಡೆಯಬಲ್ಲವನು ಕೌಂಟರಿನ ಆಚೆಗಿನ ಗುಮಾಸ್ತ; ಅವನು, “ಕಾಕಾ, ಇಷ್ಟೊಂದು ರೊಕ್ಕ ಯಾರಿಗ್ರಿ?” ಎಂದು ಒಂದು ಮಾತು ಕೇಳಬೇಕು.

ನಮ್ಮ ಗೋಲಗುಮ್ಮಟದ ಪಿಸುಮಾತಿನ ಮಾಳಿಗೆಯಲ್ಲಿ ನಿಂತವರಿಗೆ ಇದು ಅನುಭವದ ಮಾತು. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ್ದು ಆಚೆಯ ಬದಿಯವನಿಗೆ ಕಿವಿಯಲ್ಲಿಯೇ ಆಡಿದಷ್ಟು ಸ್ಪಷ್ಟವಾಗಿ ಕೇಳುವದು. ಆಡಿದವನು ಮಾತ್ರ ಎಷ್ಟೋ ದೂರದಲ್ಲಿ ಇರುವನು. ೧೬೫೬ರ ಸುಮಾರಿನ ಶಿಲ್ಪಿಗಳು ಮಾಡಿದ ಈ ಸೋಜಿಗವನ್ನು ನೋಡಿ ನಾವು ನಗುತ್ತ ಕೆಳಗಿಳಿಯುತ್ತೇವೆ. ಅದೇ ಬಗೆಯ ಧ್ವನಿ ಕಿಸೆಯೊಳಗಿಂದ ಬಂದರೆ ಮಾತ್ರ ಪೋಲೀಸ ಸಾಹೇಬರು ಬಾಗಿಲಲ್ಲಿಯೇ ನಿಂತಿದ್ದಾರೆಂದು ಕೈಕಾಲು ಬಿಡುತ್ತೇವೆ.

ಇನ್ನೊಂದು ಕುಂದು ವಿಳಂಬದ್ದು. ಹೊಸ ಆಂಡ್ರಾಯ್ಡ್ ಪ್ರಕಟವಾದ ದಿನ ಅದು ದೊರೆಯುವದು ಗೂಗಲಿನ ಸ್ವಂತ ಪಿಕ್ಸೆಲ್ ಫೋನುಗಳಿಗೆ. ಉಳಿದ ತಯಾರಕರು ಅದನ್ನು ತಮ್ಮ ತಮ್ಮ ಫೋನುಗಳಿಗೆ ಹೊಂದಿಸಿ ಕೊಡುವಷ್ಟರಲ್ಲಿ ತಿಂಗಳುಗಳು ಉರುಳುವವು. ಬೆಲೆಯುಳ್ಳ ಕೆಲವು ಫೋನುಗಳಿಗೆ ಏಳು ವರ್ಷ ಪರಿಷ್ಕರಣ ಕೊಡುವೆವೆಂದು ಗೂಗಲಿನವರು ೨೦೨೩ರಲ್ಲಿಯೂ ಸ್ಯಾಮಸಂಗಿನವರು ೨೦೨೪ರಲ್ಲಿಯೂ ಮಾತು ಕೊಟ್ಟಿದ್ದಾರೆ. ಅಗ್ಗದ ಫೋನುಗಳ ಪಾಲಿಗೆ ಎರಡು ವರ್ಷ ಬಂದರೂ ಪುಣ್ಯವೆನ್ನಬೇಕು. ಮೋಸಗಾರರ ಕಣ್ಣಿರುವದು ಹಿರಿಯರ ಮೇಲೆ, ಹಿರಿಯರ ಕೈಯಲ್ಲಿರುವದು ಮಗ ಬಳಸಿ ಬಿಟ್ಟ ಹಳೆಯ ಫೋನು. ಯಾರಿಗೆ ಕಾವಲು ಅತ್ಯಗತ್ಯವೋ ಅವರಿಗೇ ಅದು ತಡವಾಗಿ ಮುಟ್ಟುವದು ಅಥವಾ ಮುಟ್ಟದೆಯೇ ಹೋಗುವದು. ಅಂಗಡಿಯಲ್ಲಿ ಫೋನು ಕೊಳ್ಳುವಾಗ ಕ್ಯಾಮರದ ಕಣ್ಣುಗಳನ್ನು ಎಣಿಸುವ ನಾವು, “ಇದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರ್ತದರೀ?” ಎಂದು ಒಂದು ಸಲವಾದರೂ ಕೇಳಿದ್ದುಂಟೆ? ಮನೆಯಲ್ಲಿ ಎರಡು ಫೋನುಗಳಿದ್ದರೆ ಹೊಸದನ್ನು ಅಪ್ಪ ಅವ್ವನ ಕೈಗೆ ಕೊಟ್ಟು ಹಳೆಯದನ್ನು ಹುಡುಗರು ಇಟ್ಟುಕೊಳ್ಳುವದು ಯೋಗ್ಯವೆಂದು ನಾನು ಹೇಳಿದರೆ ಹುಡುಗರು ಸಿಟ್ಟಾಗುವರೆಂಬುದು ಗೊತ್ತಿದೆ. ಆದರೂ ಹೇಳಿದ್ದೇನೆ.

ಈಗ ಭಾಷೆಯ ಸಂಗತಿ. ಪಹರೆಯವನು ಎಷ್ಟು ಕೂಗಿದರೇನು, ಮನೆಯವರಿಗೆ ತಿಳಿಯದ ನುಡಿಯಲ್ಲಿ ಕೂಗಿದರೆ? ಇಂಗ್ಲಿಷಿನಲ್ಲಿ ಬಂದ ಎಚ್ಚರಿಕೆಯು ನಮ್ಮ ಅವ್ವಂದಿರಿಗೆ ಒಂದು ಕೆಂಪು ಬಣ್ಣದ ಅಡ್ಡಿ ಮಾತ್ರ; ಅದನ್ನು ದಾಟುವದು ಹೇಗೆಂದು ಕರೆಯಲ್ಲಿರುವ ವಂಚಕನೇ ಸವಿಯಾಗಿ ಹೇಳಿಕೊಡುವನು. ಫೋನಿನ ಮೂಲ ಭಾಷೆಯನ್ನೇ ಕನ್ನಡವಾಗಿ ಇಟ್ಟುಕೊಂಡರೆ ವ್ಯವಸ್ಥೆಯ ಎಚ್ಚರಿಕೆಗಳು ಕನ್ನಡದಲ್ಲಿ ಬರುವವು. ಆಂಡ್ರಾಯ್ಡಿನಲ್ಲಿ ಈ ಅನುಕೂಲವು ೨೦೧೪ರ ೫ನೆಯ ಆವೃತ್ತಿಯಿಂದಲೇ ಇದೆ. ಬಳಸುವವರು ಮಾತ್ರ ವಿರಳ. ಐಫೋನಿನವರು ನಿಧಾನವಾಗಿ ಬಂದರು. ೨೦೨೪ರ ಸೆಪ್ಟೆಂಬರದ ಐಓಎಸ್ ೧೮ರಲ್ಲಿ ಬೀಗದ ಪರದೆಯ ಮೇಲಿನ ಗಡಿಯಾರಕ್ಕೆ ಕನ್ನಡದ ಅಂಕಿಗಳು ಬಂದವು. ೨೦೨೫ರ ಮಾರ್ಚ ೩೧ರ ೧೮.೪ನೆಯ ಪರಿಷ್ಕರಣದಲ್ಲಿ ಇಡಿಯ ವ್ಯವಸ್ಥೆಗೇ ಕನ್ನಡವನ್ನು ಆರಿಸಿಕೊಳ್ಳುವ ಸೌಕರ್ಯ ದೊರೆಯಿತು. ಕನ್ನಡದ ಜೊತೆಗೆ ಬಂಗಾಲಿ, ಗುಜರಾಥಿ, ಮಲೆಯಾಳ, ಮರಾಠಿ, ಒಡಿಯಾ, ಪಂಜಾಬಿ, ತಮಿಳು, ತೆಲುಗು, ಉರ್ದೂ ಈ ಒಂಬತ್ತು ನುಡಿಗಳೂ ಅದೇ ದಿನ ಸೇರಿದವು.

ಫ. ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಿಸುವ ಸಲುವಾಗಿ ತಮ್ಮ ಮನೆಯನ್ನೇ ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿದ ಊರು ನಮ್ಮದು. ಕನ್ನಡದ ಅಚ್ಚುಮೊಳೆಗಳಿಗಾಗಿ ಅಷ್ಟು ಕಷ್ಟಪಟ್ಟವರ ಊರಿನಲ್ಲಿ, ಪುಕ್ಕಟೆಯಾಗಿ ದೊರೆಯುವ ಕನ್ನಡವನ್ನು ಆರಿಸಿಕೊಳ್ಳಲು ನಮಗೆ ಮೂರು ಒತ್ತುಗಳ ಬೇಸರ. ಈ ಫೋನಿನ ಕನ್ನಡವು ಓದುವದಕ್ಕೆ ಕೆಲವು ಕಡೆ ಕಲ್ಲಿನಂತೆ ಬಿರುಸಾಗಿದೆಯೆಂಬುದನ್ನು ನಾನೂ ಒಪ್ಪುತ್ತೇನೆ. ಇಂಗ್ಲಿಷನ್ನು ಪದಕ್ಕೆ ಪದವಿಟ್ಟು ತಂದದ್ದು. “ಈ ಕ್ರಿಯೆಯನ್ನು ನಿರ್ಬಂಧಿಸಲಾಗಿದೆ” ಎನ್ನುವ ಬದಲು “ಬೇಡ, ಇವನು ಕಳ್ಳನಿರಬಹುದು” ಎಂದು ಬರೆದರೆ ನಮ್ಮ ಕಡೆಯವರಿಗೆ ಒಮ್ಮೆಲೆ ತಿಳಿದೀತು. ಬಿರುಸಾದರೂ ಅದು ಓದಲು ಬರುವ ಕನ್ನಡವಲ್ಲವೆ? ಹತ್ತು ದಿವಸ ಬಳಸಿದರೆ ನಾಲಿಗೆಗೆ ಒಗ್ಗುವದು.

ಐಓಎಸ್ ೨೬ರಲ್ಲಿ ಕರೆಗಳ ಸಂಬಂಧವಾಗಿ ಬೇರೊಂದು ಉಪಾಯವಿದೆ. ಅಪರಿಚಿತನು ಕರೆದರೆ, ಗಂಟೆ ಬಾರಿಸುವದಕ್ಕೆ ಮೊದಲು ಫೋನೇ ಎತ್ತಿಕೊಂಡು, ನಿಮ್ಮ ಹೆಸರೇನು, ಯಾವ ಕೆಲಸಕ್ಕಾಗಿ ಕರೆದಿರಿ ಎಂದು ಕೇಳುವದು. ಅವನ ಉತ್ತರವನ್ನು ಬರೆದು ಯಜಮಾನನಿಗೆ ತೋರಿಸುವದು. ಮಾತಾಡುವದೋ ಬಿಡುವದೋ ಯಜಮಾನನಿಗೆ ಸೇರಿದ್ದು. ಹಿಂದೆ ದೊಡ್ಡ ವಾಡೆಗಳ ಹೆಬ್ಬಾಗಿಲಿನಲ್ಲಿ ಕಟ್ಟೆಯ ಮೇಲೆ ಕೂಡ್ರುತ್ತಿದ್ದ ಮುದುಕ ಆಳು ಮಾಡುತ್ತಿದ್ದುದೂ ಇದನ್ನೇ. ಈ ಸೌಲಭ್ಯವು ಎಲ್ಲ ನುಡಿಗಳಲ್ಲಿಯೂ ಇಲ್ಲ. ನಮ್ಮ ಒಣದ್ರಾಕ್ಷಿಯ ವ್ಯಾಪಾರಿಯೊಬ್ಬನು ಸಾಂಗಲಿಯಿಂದ ಹೊಸ ನಂಬರಿನಿಂದ ಕರೆದಾಗ ಫೋನು ಅವನನ್ನು ಇಂಗ್ಲಿಷಿನಲ್ಲಿ ವಿಚಾರಿಸಹೋದರೆ, ಅವನು ಬೇಸತ್ತು ಬೇರೆ ತೋಟದವರನ್ನು ಕರೆದಾನೆಂಬ ಭಯವಿದೆ. ಆದುದರಿಂದ ವ್ಯಾಪಾರದವರು ಯೋಚಿಸಿ ಇಟ್ಟುಕೊಳ್ಳಬೇಕು. ಮನೆಯಲ್ಲಿಯೇ ಇರುವ ಹಿರಿಯರಿಗೆ ಅಡ್ಡಿಯಿಲ್ಲ.

ಆಂಡ್ರಾಯ್ಡ್ ೧೬ರಲ್ಲಿ ‘ಅಡ್ವಾನ್ಸಡ್ ಪ್ರೊಟೆಕ್ಷನ್’ ಎಂಬ ಒಂದೇ ಗುಂಡಿಯಿಂದ ಅನೇಕ ಕಾವಲುಗಳನ್ನು ಕೂಡಿಸಿ ಹಾಕಬಹುದು. ಹೊರಗಿನ ಎಪಿಕೆಗಳು ಆಗ ಬರಲಾರವು. ಒಂದು ಎಚ್ಚರ: ಇದು ಹಳೆಯ ೨ಜಿ ಜಾಲವನ್ನೂ ಬಂದು ಮಾಡುವದು. ಖೊಟ್ಟಿ ಟಾವರುಗಳಿಂದ ಬರುವ ಮೋಸವನ್ನು ತಡೆಯಲು ಅದು ಅವಶ್ಯವೇ. ಆದರೆ ತೋಟದ ವಸ್ತಿಯಲ್ಲಿ ಬೇರೆ ಸಿಗ್ನಲ್ಲು ಸಿಗದವರು ಅಲ್ಲಿ ಒಮ್ಮೆ ಪರೀಕ್ಷಿಸಿ ನೋಡಿ ಇಡುವದು ಒಳ್ಳೆಯದು.

ಕಳುವಿನ ಬಗೆಗೂ ಎರಡು ಮಾತು ಹೇಳಿಬಿಡುತ್ತೇನೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಫೋನು ಕಳೆದುಕೊಂಡವರನ್ನು ಯಾರು ಕಂಡಿಲ್ಲ? ೨೦೨೪ರ ಅಕ್ಟೋಬರದಿಂದ ಬಂದ ‘ಥೆಫ್ಟ್ ಡಿಟೆಕ್ಷನ್ ಲಾಕ್’ ಎಂಬ ಕಾವಲು, ಆಂಡ್ರಾಯ್ಡ್ ೧೦ ಮತ್ತು ಮೇಲಿನ ಫೋನುಗಳಲ್ಲಿ, ಕೈಯಿಂದ ಥಟ್ಟನೆ ಕಸಿದುಕೊಂಡು ಓಡಿದ ಇಲ್ಲವೆ ಗಾಡಿಯ ಮೇಲೆ ಹಾರಿಹೋದ ಚಲನೆಯನ್ನು ಗುರುತಿಸಿ ತಾನೇ ಬೀಗ ಹಾಕಿಕೊಳ್ಳುವದು. ಅದು ತಪ್ಪಿದರೂ, ಮೊದಲೇ ಆ ಏರ್ಪಾಡು ಮಾಡಿಟ್ಟಿದ್ದರೆ, ಬೇರೆಯವರ ಫೋನಿನಿಂದ ನಿಮ್ಮ ನಂಬರನ್ನು ಕೊಟ್ಟು ದೂರದಿಂದಲೇ ಬೀಗ ಹಾಕಬಹುದು. ಇವು ಗೂಗಲಿನ ಸೆಟ್ಟಿಂಗುಗಳೊಳಗೆ ಇರುವವು. ಬಹಳ ಮಾಡಿ ನೀವೇ ಹೋಗಿ ತೆರೆಯಬೇಕು. ಹಾಗೆಯೇ *#೦೬# ಒತ್ತಿದರೆ ಕಾಣುವ ಹದಿನೈದು ಅಂಕಿಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಸರಕಾರದ ‘ಸಂಚಾರ ಸಾಥಿ’ಯಲ್ಲಿ ಕಳುವಾದ ಫೋನನ್ನು ಬಂದು ಮಾಡಿಸುವಾಗ ಉಪಯೋಗಕ್ಕೆ ಬರುವದು.

ಪರಿಷ್ಕರಣ ಮಾಡುವ ಕ್ರಮವು ಕಠಿಣವಾದದ್ದಲ್ಲ. ರಾತ್ರಿ ಚಾರ್ಜಿಗೆ ಇಟ್ಟು, ವೈಫೈ ಇದ್ದರೆ ಅದಕ್ಕೆ ಸೇರಿಸಿ, ಸೆಟ್ಟಿಂಗುಗಳಲ್ಲಿ ‘ಸಾಫ್ಟ್‌ವೇರ್ ಅಪ್‌ಡೇಟ್’ ಎಂಬುದನ್ನು ಹುಡುಕಿ ಒತ್ತಿರಿ. ಕೆಲವು ಫೋನುಗಳಲ್ಲಿ ಅದು ‘ಸಿಸ್ಟಂ’ ಎಂಬುದರ ಒಳಗೆ ಇರುವದು. ಅರ್ಧ ತಾಸು ಹೆಚ್ಚುಕಡಿಮೆ ಫೋನು ಮುಚ್ಚಿ ತೆರೆಯುವದು; ನಡುವೆ ಗಾಬರಿಯಾಗಿ ಗುಂಡಿಗಳನ್ನು ಒತ್ತಬಾರದು. ದೊಡ್ಡ ಆವೃತ್ತಿ ಬರದ ಫೋನಿಗೂ ಬಹಳ ಸಲ ಸಣ್ಣ ರಕ್ಷಣಾ ಪರಿಷ್ಕರಣಗಳು ಬರುತ್ತಿರುವವು. ಅವನ್ನು ಅಲಕ್ಷ್ಯ ಮಾಡಕೂಡದು. ಮುಖ್ಯ ಮಾತೆಂದರೆ, ನಿಜವಾದ ಪರಿಷ್ಕರಣವು ಎಂದೂ ವಾಟ್ಸಾಪಿನ ಸಂದೇಶದಿಂದಾಗಲಿ, ಯಾರೋ ಕಳಿಸಿದ ಕೊಂಡಿಯಿಂದಾಗಲಿ ಬರುವದಿಲ್ಲ. “ಹೊಸ ಅಪ್‌ಡೇಟ್, ಇಲ್ಲಿ ಒತ್ತಿ” ಎಂದು ಹೊರಗಿನಿಂದ ಬಂದದ್ದೆಲ್ಲ ಕಳ್ಳನ ಕೈವಾಡವೆಂದೇ ತಿಳಿಯತಕ್ಕದ್ದು.

ಇಷ್ಟೆಲ್ಲ ಕಾವಲುಗಳ ಕಣ್ಣು ತಪ್ಪಿಸಿಯೂ ಹಣ ಹೋಯಿತೆನ್ನಿರಿ. ಆಗ ನಾಚಿಕೆಯಿಂದ ಮನೆಯವರಿಗೆ ಹೇಳದೆ ಎರಡು ದಿವಸ ಕೂಡ್ರುವದೇ ದೊಡ್ಡ ನಷ್ಟ. ಕೂಡಲೆ ೧೯೩೦ ಎಂಬ ನಂಬರಿಗೆ ಕರೆ ಮಾಡಬೇಕು. ವಂಚಕನು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಗಳಿಗೆಗಳಲ್ಲಿ ಸಾಗಿಸುವನು. ದೂರು ಬಂದ ಕೂಡಲೆ ಆಯಾ ಬ್ಯಾಂಕುಗಳಿಗೆ ಸುದ್ದಿ ಮುಟ್ಟಿ, ಹಣವು ಇನ್ನೂ ಎಲ್ಲಿ ನಿಂತಿದೆಯೋ ಅಲ್ಲಿಯೇ ಅದನ್ನು ತಡೆಹಿಡಿಯಲು ಸಾಧ್ಯವಾಗುವದು. ಆದ್ದರಿಂದ ಇಲ್ಲಿ ನಿಮಿಷಗಳ ಲೆಕ್ಕ. ಆ ಬಳಿಕ ವಿಜಯಪುರದ ಸಿ.ಇ.ಎನ್. ಪೋಲೀಸ ಠಾಣೆಗೆ ಹೋಗುವಾಗ ಕರೆ ಬಂದ ನಂಬರು, ಬಂದ ಸಂದೇಶಗಳ ಚಿತ್ರ, ಹಣ ಕಳಿಸಿದ ವ್ಯವಹಾರದ ಸಂಖ್ಯೆ, ಬ್ಯಾಂಕಿನ ಪಾಸಬುಕ್ಕಿನ ಪ್ರತಿ ಇಷ್ಟನ್ನು ಕೂಡ ಒಯ್ಯಬೇಕು. ಸಿಟ್ಟಿನಿಂದ ಆ ಕಳ್ಳ ಆ್ಯಪನ್ನಾಗಲಿ ಸಂದೇಶಗಳನ್ನಾಗಲಿ ಅಳಿಸಿ ಹಾಕಿ ಹೋಗಬೇಡಿರಿ. ಫೋನಿನ ಜಾಲವನ್ನು ಬಂದು ಮಾಡಿ, ಹಾಗೆಯೇ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಇಡಿರಿ.